ಸಬ್‌ಮರೀನ್ ಕಟ್ಟುವ ಮೊದಲು ನೀರಿನ ದಾರಿ ನೋಡಿ

ಮಡಿಕೇರಿಯಿಂದ ಸಂಪಾಜೆ ಘಾಟಿ ಇಳಿದು ಸುಳ್ಯದ ಕಡೆ ಹೋದವರಿಗೆಲ್ಲ ಇದು ಗೊತ್ತು. ಅರ್ಧ ದಾರಿಯಲ್ಲಿ ಕಿವಿ ಕಟ್ಟಿಕೊಳ್ಳುತ್ತದೆ. ಎಂಜಲು ನುಂಗಿದರೆ ಟಪ್ ಅಂತ ಬಿಡುತ್ತದೆ. ಮಡಿಕೇರಿ ಇರುವುದು ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿ. ಕೆಳಗಿಳಿದಂತೆ ಗಾಳಿಯ ಒತ್ತಡ ಏರುತ್ತದೆ. ಕಿವಿಯೊಳಗಿನ ಗಾಳಿ ಇನ್ನೂ ಮಡಿಕೇರಿಯದ್ದು, ಹೊರಗಿನದು ಕರಾವಳಿಯದ್ದು. ಎರಡರ ಜಗ್ಗಾಟ ಕಿವಿಯ ತಮಟೆಯ ಮೇಲೆ ನಡೆಯುತ್ತದೆ. ಹೀಗೆ ಒತ್ತಡದ ವ್ಯತ್ಯಾಸದಿಂದ ಮೈಗೆ ಆಗುವ ಪೆಟ್ಟಿಗೆ ವೈದ್ಯರು ಇಟ್ಟಿರುವ ಹೆಸರು ಬಾರೋಟ್ರಾಮಾ.

ನೀರಿನಲ್ಲಿ ಇದೇ ಕೆಲಸ ತುಂಬ ಬೇಗ ಆಗುತ್ತದೆ. ಪ್ರತಿ 10 ಮೀಟರ್ ಆಳಕ್ಕೆ ಒಂದು ವಾಯುಮಂಡಲದಷ್ಟು ಒತ್ತಡ ಸೇರುತ್ತಾ ಹೋಗುತ್ತದೆ. ಮಡಿಕೇರಿಯಿಂದ ಮಂಗಳೂರಿಗೆ ಇಳಿಯುವಷ್ಟರಲ್ಲಿ ಆಗುವ ಬದಲಾವಣೆ ನೀರಿನಲ್ಲಿ ಸುಮಾರು ಒಂದೂಕಾಲು ಮೀಟರ್ ಮುಳುಗಿದರೆ ಆಗುವಷ್ಟೇ. ಹಾಗಾದರೆ ನೂರಾರು ಮೀಟರ್ ಆಳದಲ್ಲಿ ಜನ ಉಸಿರಾಡಿಕೊಂಡು ಇರಬೇಕಾದರೆ ಆ ಹಡಗನ್ನು ಹೇಗೆ ಕಟ್ಟಿರಬೇಕು? ಈ ಪ್ರಶ್ನೆಯನ್ನೇ ಆಟವಾಗಿಸಿದ ಒಂದು ವಿಡಿಯೊ ಗೇಮ್ ಇದೆ. ಅದರ ಹೆಸರೂ ಬಾರೋಟ್ರಾಮಾ.

ಫಿನ್‌ಲ್ಯಾಂಡಿನವರು ಮಾಡಿದ ಆಟ ಇದು. 2019ರ ಜೂನ್‌ನಲ್ಲಿ ಅರೆಬೆಂದ ರೂಪದಲ್ಲಿ, ಕಂಪ್ಯೂಟರ್ ಆಟಗಳನ್ನು ಮಾರುವ ಸ್ಟೀಮ್‌ಗೆ ಬಂತು, 2023ರ ಮಾರ್ಚ್‌ನಲ್ಲಿ ಪೂರ್ತಿಯಾಗಿ ಹೊರಬಂತು. ಕಥೆ ನಡೆಯುವುದು ಗುರುಗ್ರಹದ ಚಂದ್ರ ಯುರೋಪಾದಲ್ಲಿ, ಮಂಜುಗಡ್ಡೆಯ ಹೊದಿಕೆಯ ಕೆಳಗಿನ ಕಡಲಿನಲ್ಲಿ. ಒಂದು ಸಬ್‌ಮರೀನಿನೊಳಗೆ 16 ಜನರ ತನಕ ಸೇರಿ ಆಡಬಹುದು. ಒಬ್ಬರು ಕ್ಯಾಪ್ಟನ್, ಒಬ್ಬರು ಎಂಜಿನಿಯರ್, ಒಬ್ಬರು ಮೆಕ್ಯಾನಿಕ್, ಒಬ್ಬರು ಡಾಕ್ಟರ್, ಹೀಗೆ. ಹಡಗು ನಮಗೆ ಕಾಣುವುದು ಪಕ್ಕದಿಂದ, ಹಲಸಿನ ಹಣ್ಣನ್ನು ಉದ್ದಕ್ಕೆ ಸೀಳಿ ಇಟ್ಟ ಹಾಗೆ. ಯಾವ ಕೋಣೆಯಲ್ಲಿ ಏನಿದೆ, ಎಲ್ಲಿ ನೀರು ನುಗ್ಗುತ್ತಿದೆ, ಎಲ್ಲ ಕಣ್ಣೆದುರೇ ಇರುತ್ತದೆ.

ಇದರ ಜೊತೆಗೇ ಒಂದು ಎಡಿಟರ್ ಬರುತ್ತದೆ. ನಮ್ಮದೇ ಸಬ್‌ಮರೀನನ್ನು ಮೊದಲ ಗೋಡೆಯಿಂದ ಕೊನೆಯ ಬಲ್ಬಿನ ತನಕ ಅದರಲ್ಲಿ ಕಟ್ಟಬಹುದು. ನನಗೆ ಆಟಕ್ಕಿಂತ ಈ ಎಡಿಟರ್ ಮೇಲೇ ಪ್ರೀತಿ ಜಾಸ್ತಿ. ಇಂಟರ್‌ನೆಟ್ ಬೇಕಿಲ್ಲ. ಸೋಮವಾರಪೇಟೆ ಕಡೆ ಜುಲೈ ಮಳೆಯಲ್ಲಿ ನೆಟ್‌ವರ್ಕ್ ಹೋಗಿ ಕೂತಾಗ, ಲ್ಯಾಪ್‌ಟಾಪಿನಲ್ಲಿ ಬ್ಯಾಟರಿ ಇರುವಷ್ಟು ಹೊತ್ತು ಕಟ್ಟುತ್ತಾ ಇರಬಹುದು.

ಕಳೆದ ಮಳೆಗಾಲದಲ್ಲಿ ಅಕ್ಕನ ಮಗ ರಜೆಗೆ ಬಂದಿದ್ದ. ಮೂರು ದಿನ ಕೂತು ಒಂದು ಸಬ್‌ಮರೀನ್ ಕಟ್ಟಿದ. ‘ಹಾರಂಗಿ’ ಅಂತ ಹೆಸರಿಟ್ಟ. ನೋಡುವುದಕ್ಕೆ ತುಂಬ ಚೆನ್ನಾಗಿತ್ತು. ಪರೀಕ್ಷೆಗೆ ನೀರಿಗಿಳಿಸಿದ ಕೂಡಲೇ ಬಾಣದಂತೆ ಮೇಲಕ್ಕೆ ಹೋಯಿತು. ಸರಿಮಾಡಿದ. ಆಮೇಲೆ ಕಲ್ಲಿನಂತೆ ಕೆಳಗಿಳಿಯಿತು.

“ಮಾವ, ಎಲ್ಲಾ ಸರಿಯಾಗೇ ಹಾಕಿದೀನಲ್ಲ. ಯಾಕೆ ಹೀಗೆ ಮಾಡ್ತಿದೆ ಇದು?” ಅಂದ.

“ಗೋಡೆ ಚೆನ್ನಾಗಿ ಕಟ್ಟಿದೀಯ ಮಗಾ. ನೀರಿಗೆ ಮಾತ್ರ ಏನೂ ಹೇಳಿಲ್ಲ” ಅಂದೆ.

ಅವತ್ತು ಸಂಜೆ ಅವನಿಗೆ ವಿವರಿಸಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಗದ್ದೆ, ಬದು, ಕಂಡಿ

ಹೊಸಬರು ಎಡವುವ ಮೊದಲ ಜಾಗ ಇದು. ಎಡಿಟರಿನಲ್ಲಿ ಗೋಡೆ ಬೇರೆ, ಕೋಣೆ ಬೇರೆ. ನಾಲ್ಕು ಕಡೆ ಗೋಡೆ ಎಬ್ಬಿಸಿದರೆ ನಮ್ಮ ಕಣ್ಣಿಗೆ ಅದು ಕೋಣೆ. ಆಟದ ಲೆಕ್ಕದಲ್ಲಿ ಅಲ್ಲಿ ಏನೂ ಇಲ್ಲ. ಗೋಡೆಗಳ ನಡುವಿನ ಜಾಗದ ಮೇಲೆ ‘ಹಲ್’ ಎನ್ನುವ ಚೌಕವೊಂದನ್ನು ಎಳೆಯಬೇಕು. ಆಗ ಮಾತ್ರ ಆಟಕ್ಕೆ ತಿಳಿಯುತ್ತದೆ: ಇಲ್ಲಿ ಇಷ್ಟು ಗಾಳಿ ಹಿಡಿಯುತ್ತದೆ, ಇಷ್ಟು ನೀರು ಹಿಡಿಯುತ್ತದೆ. ಹಲ್ ಎಳೆಯದ ಜಾಗ ಎಂದರೆ ಹೊರಗಿನ ಕಡಲೇ. ನಾಲ್ಕು ಗೋಡೆಯ ನಡುವೆ ನಿಂತಿದ್ದರೂ ಅಲ್ಲಿಗೆ ಕಾಲಿಟ್ಟ ಮನುಷ್ಯ ನೀರಿಗೆ ಬಿದ್ದಂತೆಯೇ.

ಹಲ್ ಯಾವಾಗಲೂ ಚೌಕ ಅಥವಾ ಆಯತ. ಓರೆಯಾಗಿ ಎಳೆಯಲು ಬರುವುದಿಲ್ಲ. ಮೂತಿ ಚೂಪಾಗಿರುವ ಹಡಗಾದರೆ ಆ ಮೂತಿಯನ್ನು ಮೆಟ್ಟಿಲು ಮೆಟ್ಟಿಲಾಗಿ ನಾಲ್ಕೈದು ಹಲ್‌ಗಳಿಂದ ತುಂಬಬೇಕು. ನಮ್ಮ ಕಡೆ ಇಳಿಜಾರಿನಲ್ಲಿ ಗದ್ದೆ ಮಾಡುತ್ತಾರಲ್ಲ, ಹಾಗೆ. ಗುಡ್ಡ ಓರೆ, ಆದರೆ ಪ್ರತಿ ಗದ್ದೆಯೂ ಮಟ್ಟಸ.

ಈ ಹೋಲಿಕೆಯನ್ನು ಇನ್ನೂ ಸ್ವಲ್ಪ ದೂರ ಎಳೆಯಬಹುದು. ಒಂದು ಗದ್ದೆಯ ನೀರು ಪಕ್ಕದ ಗದ್ದೆಗೆ ಹೋಗಬೇಕಾದರೆ ಬದುವಿನಲ್ಲಿ ಕಂಡಿ ಬಿಡಬೇಕು, ಅಲ್ವಾ? ಎಡಿಟರಿನಲ್ಲಿ ಆ ಕಂಡಿಯ ಹೆಸರು ‘ಗ್ಯಾಪ್’. ಎರಡು ಹಲ್‌ಗಳು ಒಂದಕ್ಕೊಂದು ತಾಗಿದ್ದರೂ ನಡುವೆ ಗ್ಯಾಪ್ ಇಲ್ಲದಿದ್ದರೆ ನೀರೂ ದಾಟುವುದಿಲ್ಲ, ಗಾಳಿಯೂ ದಾಟುವುದಿಲ್ಲ. ಗ್ಯಾಪ್ ಎರಡೂ ಹಲ್‌ಗಳನ್ನು ಸ್ವಲ್ಪ ಸ್ವಲ್ಪ ಮುಟ್ಟುವ ಹಾಗೆ ಇರಬೇಕು. ಒಂದನ್ನು ಮುಟ್ಟಿ ಇನ್ನೊಂದನ್ನು ಬಿಟ್ಟರೆ ಕಂಡಿ ತೋಡಿದ್ದೂ ವ್ಯರ್ಥ.

ಬಾಗಿಲು ಇಟ್ಟರೆ ಗ್ಯಾಪ್ ತಾನಾಗಿಯೇ ಬರುತ್ತದೆ. ಬಾಗಿಲು ತೆರೆದಾಗ ಕಂಡಿ ತೆರೆಯುತ್ತದೆ, ಮುಚ್ಚಿದಾಗ ಮುಚ್ಚುತ್ತದೆ. ಗೋಡೆಗೆ ಏಟು ಬಿದ್ದು ಬಿರುಕು ಬಿಟ್ಟರೂ ಅಷ್ಟೇ, ಆಟ ಆ ಬಿರುಕನ್ನೇ ಒಂದು ಕಂಡಿಯಾಗಿ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ನಾವು ಕೈಯಿಂದ ಗ್ಯಾಪ್ ಹಾಕಬೇಕಾದದ್ದು ಬಾಗಿಲಿಲ್ಲದ ಕಡೆ: ದೊಡ್ಡ ಕೋಣೆಯೊಂದನ್ನು ಎರಡು ಹಲ್ ಮಾಡಿದ್ದರೆ ಅವುಗಳ ನಡುವೆ, ಮೂತಿಯ ಮೆಟ್ಟಿಲುಗಳ ನಡುವೆ, ಮುಚ್ಚಳವಿಲ್ಲದೆ ಮಹಡಿ ಇಳಿಯುವ ಏಣಿಯ ಜಾಗದಲ್ಲಿ.

‘ಹಾರಂಗಿ’ಯಲ್ಲಿ ಅವನು ಮೂತಿಯ ನಾಲ್ಕು ಹಲ್‌ಗಳ ನಡುವೆ ಒಂದೇ ಒಂದು ಗ್ಯಾಪನ್ನೂ ಹಾಕಿರಲಿಲ್ಲ. ಮುಂದಿನ ಗೋಡೆ ಒಡೆದಾಗ ನೀರು ಒಂದು ಮೂಲೆಯಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ತುಂಬಿಟ್ಟಂತೆ ನೆಟ್ಟಗೆ ನಿಂತುಬಿಟ್ಟಿತ್ತು. ನೋಡಿದರೆ ಒಳ್ಳೆಯದೇ ಅನ್ನಿಸಬಹುದು. ಆದರೆ ಆಮ್ಲಜನಕವೂ ಆ ಕಡೆ ದಾಟುತ್ತಿರಲಿಲ್ಲ. ಅಲ್ಲಿ ನಿಂತ ಕ್ಯಾಪ್ಟನ್ ಉಸಿರುಕಟ್ಟಿ ಬೀಳುತ್ತಿದ್ದ. ಕಾರಣ ಗೊತ್ತಾಗದೆ ಹುಡುಗ ಒಂದು ಇಡೀ ಮಧ್ಯಾಹ್ನ ಹುಡುಕಿದ್ದ.

ಅದಕ್ಕೇ ನಾನು ಹೇಳುವುದು, ಗೋಡೆಗಿಂತ ಮೊದಲು ಕಾಗದದ ಮೇಲೆ ಚೌಕಗಳನ್ನು ಬರೆಯಿರಿ. ಯಾವ ಚೌಕದಿಂದ ಯಾವುದಕ್ಕೆ ನೀರು ಹೋಗಬಹುದು, ಎಲ್ಲಿ ಹೋಗಲೇಬಾರದು, ಎಲ್ಲಿ ಹೋಗಿ ಸೇರಬೇಕು ಎಂದು ಬಾಣ ಹಾಕಿ. ನೀರಿಗೆ ನಾವು ದಾರಿ ಕೊಡದಿದ್ದರೆ ಅದು ತಾನೇ ದಾರಿ ಮಾಡಿಕೊಳ್ಳುತ್ತದೆ ಎನ್ನುವುದನ್ನು 2018ರ ಆಗಸ್ಟಿನ ಪ್ರವಾಹ, ಭೂಕುಸಿತ ನೋಡಿದ ಕೊಡಗಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ನೂರು ಕೊಡದಲ್ಲಿ ಏಳು ಕೊಡ

ಈಗ ಹಡಗು ಯಾಕೆ ತೇಲುತ್ತದೆ, ಯಾಕೆ ಮುಳುಗುತ್ತದೆ ಎನ್ನುವ ವಿಷಯ. ಇದು ಅರ್ಥವಾದರೆ ಅರ್ಧ ಎಡಿಟರ್ ಅರ್ಥವಾದಂತೆ.

ನಿಜವಾದ ಸಬ್‌ಮರೀನಿನಲ್ಲಿ ಆರ್ಕಿಮಿಡೀಸ್ ನಿಯಮ ಕೆಲಸ ಮಾಡುತ್ತದೆ. ಹಡಗು ಎಷ್ಟು ನೀರನ್ನು ಸರಿಸುತ್ತದೋ ಆ ನೀರಿನ ತೂಕದಷ್ಟು ಬಲ ಹಡಗನ್ನು ಮೇಲಕ್ಕೆ ಒತ್ತುತ್ತದೆ. ಹಡಗಿನ ತೂಕ ಅದಕ್ಕಿಂತ ಕಡಿಮೆ ಇದ್ದರೆ ಏರುತ್ತದೆ, ಜಾಸ್ತಿ ಇದ್ದರೆ ಇಳಿಯುತ್ತದೆ. ತೂಕ ಬದಲಾಯಿಸಲು ಬ್ಯಾಲಾಸ್ಟ್ ಟ್ಯಾಂಕ್ ಎನ್ನುವ ತೊಟ್ಟಿಗಳಿಗೆ ನೀರು ತುಂಬುತ್ತಾರೆ. ಮೇಲೆ ಬರಬೇಕಾದಾಗ ಒತ್ತಿ ತುಂಬಿಟ್ಟ ಗಾಳಿಯನ್ನು ಬಿಟ್ಟು ಆ ನೀರನ್ನು ಹೊರದಬ್ಬುತ್ತಾರೆ.

ಆಟದಲ್ಲಿ ಇದನ್ನು ಸರಳ ಮಾಡಿದ್ದಾರೆ. ಗೋಡೆಯ ಕಬ್ಬಿಣ ಎಷ್ಟು ದಪ್ಪ, ಕರೆಂಟು ಹುಟ್ಟಿಸುವ ರಿಯಾಕ್ಟರ್ ಎಷ್ಟು ಭಾರ, ಯಾವುದನ್ನೂ ಲೆಕ್ಕ ಹಾಕುವುದಿಲ್ಲ. ಒಂದೇ ಲೆಕ್ಕ: ಹಡಗಿನ ಎಲ್ಲ ಹಲ್‌ಗಳ ಒಟ್ಟು ಜಾಗದಲ್ಲಿ ಶೇ. 7ರಷ್ಟು ನೀರಿದ್ದರೆ ಹಡಗು ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಅದಕ್ಕಿಂತ ಕಡಿಮೆಯಾದರೆ ಮೇಲೆ, ಜಾಸ್ತಿಯಾದರೆ ಕೆಳಗೆ.

ಕೊಡದ ಲೆಕ್ಕದಲ್ಲಿ ನೋಡೋಣ. ನಿಮ್ಮ ಹಡಗಿನ ಒಟ್ಟು ಜಾಗ 100 ಕೊಡ ಅಂದುಕೊಳ್ಳಿ. 7 ಕೊಡ ನೀರಿದ್ದರೆ ಅದು ನಿಂತಲ್ಲೇ ನಿಲ್ಲುತ್ತದೆ. ಈಗ ಬ್ಯಾಲಾಸ್ಟ್ ಟ್ಯಾಂಕನ್ನು 14 ಕೊಡ ಹಿಡಿಯುವಂತೆ ಮಾಡಿ. ಅರ್ಧ ತುಂಬಿದರೆ 7, ಹಡಗು ನಿಲ್ಲುತ್ತದೆ. ಪೂರ್ತಿ ಖಾಲಿ ಮಾಡಿದರೆ 7 ಕೊಡದಷ್ಟು ಹಗುರ, ಮೇಲೆ ಹೋಗುತ್ತದೆ. ಪೂರ್ತಿ ತುಂಬಿದರೆ 7 ಕೊಡದಷ್ಟು ಭಾರ, ಅದೇ ವೇಗದಲ್ಲಿ ಕೆಳಗಿಳಿಯುತ್ತದೆ. ಏರುವುದೂ ಇಳಿಯುವುದೂ ಸಮ. ಅನುಭವಿಗಳು ಬ್ಯಾಲಾಸ್ಟ್ ಶೇ. 14 ಇರಲಿ ಎಂದು ಹೇಳುವುದು ಇದಕ್ಕೇ.

ಟ್ಯಾಂಕನ್ನು 20 ಕೊಡ ಮಾಡಿದಿರಿ ಅನ್ನಿ. ಆಗ 7 ಕೊಡ ಎಂದರೆ ಟ್ಯಾಂಕಿನ ಶೇ. 35. ಚುಕ್ಕಾಣಿಯ ಯಂತ್ರ, ಅಂದರೆ ನ್ಯಾವಿಗೇಶನ್ ಟರ್ಮಿನಲ್, ಅರ್ಧ ತುಂಬಿದರೆ ಸಮತೋಲ ಎಂದೇ ನಂಬಿಕೊಂಡಿರುತ್ತದೆ. ಹಾಗಾಗಿ ಕೈ ಬಿಟ್ಟರೂ ಹಡಗು ಮುಳುಗುತ್ತಲೇ ಇರುತ್ತದೆ. ಅದರ ಗುಣಗಳ ಪಟ್ಟಿಯಲ್ಲಿ ‘ನ್ಯೂಟ್ರಲ್ ಬ್ಯಾಲಾಸ್ಟ್ ಲೆವೆಲ್’ ಎನ್ನುವ ಕಡೆ 0.5 ಇರುವುದನ್ನು 0.35 ಮಾಡಬೇಕು. ಬ್ಯಾಲಾಸ್ಟ್ ಹಲ್‌ಗಳನ್ನು ಆರಿಸಿಕೊಂಡರೆ ಎಡಿಟರೇ ಅವುಗಳ ಗಾತ್ರ, ಒಟ್ಟು ಗಾತ್ರ ಮತ್ತು ಈ ಸರಿಯಾದ ಮಟ್ಟವನ್ನು ತೋರಿಸುತ್ತದೆ. ಕ್ಯಾಲ್ಕ್ಯುಲೇಟರ್ ಹಿಡಿಯುವ ಅಗತ್ಯವೇ ಇಲ್ಲ. ‘ಹಾರಂಗಿ’ ಕಲ್ಲಿನಂತೆ ಇಳಿದದ್ದು ಈ ಒಂದು ಸಂಖ್ಯೆಯಿಂದ. ಅದಕ್ಕೂ ಮೊದಲು ಬಾಣದಂತೆ ಏರಿದ್ದು ಬ್ಯಾಲಾಸ್ಟಿನ ಜಾಗಕ್ಕೆ ‘ಹಲ್’ ಅನ್ನೇ ಎಳೆಯದೆ ಇದ್ದುದರಿಂದ. ನೀರು ತುಂಬಲು ತೊಟ್ಟಿಯೇ ಇರಲಿಲ್ಲ.

ಇಲ್ಲಿಗೆ ನಿಲ್ಲಿಸಬಾರದು. ಈ ಲೆಕ್ಕದಲ್ಲಿ ಇನ್ನೊಂದು ವಿಷಯ ಅಡಗಿದೆ, ನನಗೆ ಇಡೀ ಆಟದಲ್ಲಿ ಅದೇ ಹೆಚ್ಚು ಮುಖ್ಯ. ಶೇ. 7 ಎನ್ನುವುದು ಬ್ಯಾಲಾಸ್ಟಿನ ನೀರು ಮಾತ್ರವಲ್ಲ, ಹಡಗಿನೊಳಗೆ ಎಲ್ಲೇ ಇರುವ ನೀರು. ಅಡುಗೆಮನೆಗೆ 5 ಕೊಡ ನೀರು ನುಗ್ಗಿದರೆ ಬ್ಯಾಲಾಸ್ಟಿನಲ್ಲಿ 2 ಕೊಡ ಮಾತ್ರ ಉಳಿಸಿಕೊಂಡು ಹಡಗನ್ನು ನಿಲ್ಲಿಸಬಹುದು. 7 ಕೊಡ ನುಗ್ಗಿದರೆ ಬ್ಯಾಲಾಸ್ಟ್ ಪೂರ್ತಿ ಖಾಲಿ ಮಾಡಿದರೂ ಹಡಗು ನಿಂತಲ್ಲೇ ನಿಂತೀತು, ಮೇಲೆ ಬರದು. 8 ಕೊಡವಾದರೆ ಮುಳುಗುವುದೇ ಗತಿ. ಅಂದರೆ 14 ಕೊಡದ ಬ್ಯಾಲಾಸ್ಟ್ ಇಟ್ಟವರ ಕೈಯಲ್ಲಿರುವ ಸಾವಕಾಶ 7 ಕೊಡ ಅಷ್ಟೇ. ಟ್ಯಾಂಕ್ ದೊಡ್ಡದು ಮಾಡಿದರೂ ಆ 7 ಕೊಡ ಹೆಚ್ಚುವುದಿಲ್ಲ. ಇಳಿಯುವ ವೇಗ ಮಾತ್ರ ಹೆಚ್ಚುತ್ತದೆ. ನೂರರಲ್ಲಿ ಏಳು. ಎಷ್ಟು ಸಣ್ಣ ಸಂಖ್ಯೆ ನೋಡಿ.

ಆದ್ದರಿಂದಲೇ ದೊಡ್ಡ ಕೋಣೆ ಅಪಾಯ. 30 ಕೊಡ ಹಿಡಿಯುವ ಒಂದೇ ದೊಡ್ಡ ಹಾಲ್ ಮಾಡಿದರೆ, ಅದರ ಕಾಲುಭಾಗ ತುಂಬುವಷ್ಟರಲ್ಲಿ ನಿಮ್ಮ ಸಾವಕಾಶ ಮುಗಿಯಿತು. ಅದನ್ನೇ ನಾಲ್ಕು ಕೋಣೆ ಮಾಡಿ ನಡುವೆ ಬಾಗಿಲು ಇಟ್ಟರೆ, ಒಂದು ಕೋಣೆ ಪೂರ್ತಿ ತುಂಬಿದಾಗಲೂ ಹಡಗು ಅಂಚಿನಲ್ಲೇ ಇರುತ್ತದೆ. ಆ ಹೊತ್ತಿಗೆ ಪಂಪ್ ಒಂದಿಷ್ಟು ನೀರು ಎತ್ತಿದ್ದರೆ ಪಾರಾಯಿತು.

ಇನ್ನು ಬ್ಯಾಲಾಸ್ಟ್ ಎಲ್ಲಿರಬೇಕು? ಆಟದ ಹಡಗು ಮುಂದಕ್ಕೋ ಹಿಂದಕ್ಕೋ ವಾಲುವುದಿಲ್ಲ. ಹಾಗಾಗಿ ಎಲ್ಲಿ ಇಟ್ಟರೂ ತೇಲುವ ಲೆಕ್ಕ ಒಂದೇ. ಆದರೂ ತೀರಾ ಕೆಳಗೆ, ಹಡಗಿನ ಉದ್ದಕ್ಕೂ ಇಡುವುದೇ ಒಳ್ಳೆಯದು. ಮೇಲಿನ ಮಹಡಿಗೆ ನುಗ್ಗಿದ ನೀರು ಕಂಡಿಗಳ ಮೂಲಕ ಇಳಿದಿಳಿದು ಬ್ಯಾಲಾಸ್ಟ್ ಸೇರಿದರೆ, ಅಲ್ಲಿನ ದೊಡ್ಡ ಪಂಪ್‌ಗಳೇ ಅದನ್ನು ಹೊರಹಾಕುತ್ತವೆ. ಬೇರೆ ಪಂಪ್ ಬೇಕಾಗುವುದೇ ಇಲ್ಲ. ಕಾಫಿ ಗಿಡಗಳ ಸಾಲಿನ ನಡುವೆ ಉದ್ದುದ್ದ ಗುಂಡಿ ತೋಡುತ್ತೇವಲ್ಲ, ಮೇಲಿನಿಂದ ಓಡಿಬರುವ ನೀರು ಅಲ್ಲಿ ಬಂದು ನಿಲ್ಲಲಿ ಅಂತ. ಅದೇ ಉಪಾಯ.

ಬ್ಯಾಲಾಸ್ಟ್ ಪಂಪಿಗೂ ಚುಕ್ಕಾಣಿಗೂ ತಂತಿ ಬೇಕು. ಟರ್ಮಿನಲಿನ ‘ವೆಲಾಸಿಟಿ ವೈ ಔಟ್’ ಎನ್ನುವಲ್ಲಿಂದ ಪಂಪಿನ ‘ಸೆಟ್ ಟಾರ್ಗೆಟ್ ಲೆವೆಲ್’ಗೆ ಒಂದು ತಂತಿ. ಕ್ಯಾಪ್ಟನ್ ಕೆಳಗೆ ಹೋಗು ಎಂದರೆ ಪಂಪಿಗೆ ಟ್ಯಾಂಕ್ ತುಂಬಿಸು ಎಂದು ಹೋಗುತ್ತದೆ, ಮೇಲೆ ಬಾ ಎಂದರೆ ಖಾಲಿ ಮಾಡು ಎಂದು. ಮುಂದೆ ಹಿಂದೆ ಹೋಗಲು ‘ವೆಲಾಸಿಟಿ ಎಕ್ಸ್ ಔಟ್’ನಿಂದ ಎಂಜಿನ್ನಿನ ‘ಸೆಟ್ ಫೋರ್ಸ್’ಗೆ ಇನ್ನೊಂದು. ಇವೆರಡು ತಂತಿ ಎಳೆದರೆ ಹಡಗು ನಿಮ್ಮ ಮಾತು ಕೇಳಲು ಶುರುಮಾಡುತ್ತದೆ. ಮೊದಲ ಸಲ ಅದು ಹೇಳಿದ ಹಾಗೆ ಇಳಿದು, ಹೇಳಿದಲ್ಲಿ ನಿಂತಾಗ ಆಗುವ ಖುಷಿಯೇ ಬೇರೆ.

ಒಂದು ಸಣ್ಣ ಮಾತು. ಬ್ಯಾಲಾಸ್ಟ್ ಟ್ಯಾಂಕಿಗೆ ಮನುಷ್ಯರು ಇಳಿಯುವಂತೆ ಒಂದು ಮುಚ್ಚಳ ಇಡಿ. ಅಲ್ಲಿನ ಪಂಪ್ ಕೆಡುತ್ತದೆ, ರಿಪೇರಿ ಮಾಡಬೇಕು. ಪಂಪಿನಿಂದ ಒಂದು ಜಾತಿಯ ಬಳ್ಳಿಯೂ ಹುಟ್ಟಿ ಗೋಡೆಗೆಲ್ಲ ಹಬ್ಬಿಕೊಳ್ಳುತ್ತದೆ, ಅದನ್ನು ಸುಡಬೇಕಾಗುತ್ತದೆ. ಒಳಗೆ ಹೋಗುವ ದಾರಿಯೇ ಇಲ್ಲದಿದ್ದರೆ ಯಾರೇನು ಮಾಡಲಿಕ್ಕಾಗುತ್ತದೆ?

ಕರೆಂಟು

ರಿಯಾಕ್ಟರ್ ಕರೆಂಟು ಹುಟ್ಟಿಸುತ್ತದೆ. ಅದು ಜಂಕ್ಷನ್ ಬಾಕ್ಸ್‌ಗಳ ಮೂಲಕ ಎಂಜಿನ್ನಿಗೆ, ಪಂಪಿಗೆ, ದೀಪಕ್ಕೆ, ಆಮ್ಲಜನಕ ಯಂತ್ರಕ್ಕೆ ಹೋಗುತ್ತದೆ. ಜಂಕ್ಷನ್ ಬಾಕ್ಸ್ ಅಂದರೆ ಊರಿನ ಟ್ರಾನ್ಸ್‌ಫಾರ್ಮರ್ ಇದ್ದ ಹಾಗೆ ಅಂದುಕೊಳ್ಳಿ. ಅದು ಹೋದರೆ ಅದರ ಆಚೆಗಿರುವ ಮನೆಗಳೆಲ್ಲ ಕತ್ತಲು.

ಜಂಕ್ಷನ್ ಬಾಕ್ಸಿಗೆ ಎರಡು ಶತ್ರುಗಳು. ಒಂದು ನೀರು. ನೀರಿನಲ್ಲಿ ಮುಳುಗಿದರೆ ಅದು ನಿಧಾನವಾಗಿ ಹಾಳಾಗುತ್ತಾ ಹೋಗುತ್ತದೆ. ಇನ್ನೊಂದು ಹೆಚ್ಚಿನ ವೋಲ್ಟೇಜ್. ಮಳೆಗಾಲದ ಮಧ್ಯರಾತ್ರಿ ಊರೆಲ್ಲ ಮಲಗಿ, ಮೋಟಾರುಗಳೆಲ್ಲ ನಿಂತ ಮೇಲೆ ನಮ್ಮ ಮನೆಯ ಬಲ್ಬು ಉರಿಯುವ ಬೆಳಕು ನೋಡಿದ್ದೀರಲ್ಲ? ಬಳಸುವವರು ಕಡಿಮೆಯಾದಾಗ ವೋಲ್ಟೇಜ್ ಏರುತ್ತದೆ. ಸಬ್‌ಮರೀನಿನಲ್ಲೂ ಅದೇ. ಪೂರ್ತಿ ವೇಗದಲ್ಲಿ ಹೋಗುತ್ತಿದ್ದ ಎಂಜಿನ್ ಥಟ್ಟನೆ ನಿಂತರೆ ಅಷ್ಟೂ ಕರೆಂಟು ಬೇಡವಾಗುತ್ತದೆ. ರಿಯಾಕ್ಟರ್ ಅಷ್ಟು ಬೇಗ ಕರೆಂಟು ತಗ್ಗಿಸುವುದಿಲ್ಲ. ಹೆಚ್ಚಾದ ಕರೆಂಟು ಬಾಕ್ಸ್‌ಗಳನ್ನು ಸುಡುತ್ತದೆ, ಕೆಲವೊಮ್ಮೆ ಬೆಂಕಿಯೂ ಹತ್ತುತ್ತದೆ. ಆದ್ದರಿಂದ ಎಡಿಟರಿನಲ್ಲಿ ರಿಯಾಕ್ಟರಿನ ಗರಿಷ್ಠ ಶಕ್ತಿಯನ್ನು ಸುಮ್ನೆ ದೊಡ್ಡ ಸಂಖ್ಯೆ ಮಾಡಿಬಿಡಬೇಡಿ. ಎಲ್ಲ ಯಂತ್ರಗಳಿಗೆ ಬೇಕಾದದ್ದನ್ನು ಕೂಡಿ, ಅದಕ್ಕಿಂತ ಸ್ವಲ್ಪ ಮೇಲೆ ಇಡಿ. ನಡುವೆ ಬ್ಯಾಟರಿಗಳನ್ನೂ ಇಡಿ. ಮನೆಯ ಯುಪಿಎಸ್ ಮಾಡುವ ಕೆಲಸವನ್ನೇ ಅವು ಮಾಡುತ್ತವೆ, ರಿಯಾಕ್ಟರ್ ನಿಂತರೂ ಒಂದಿಷ್ಟು ಹೊತ್ತು ಹಡಗನ್ನು ಎಚ್ಚರ ಇಡುತ್ತವೆ.

‘ಹಾರಂಗಿ’ಯ ದೊಡ್ಡ ತಪ್ಪು ಇಲ್ಲಿತ್ತು. ತಂತಿ ಕಡಿಮೆ ಉದ್ದ ಸಾಕಾಗಲಿ ಎಂದು ಅವನು ಎಲ್ಲ ಜಂಕ್ಷನ್ ಬಾಕ್ಸ್‌ಗಳನ್ನೂ ಕೆಳಮಹಡಿಯಲ್ಲಿ, ಬ್ಯಾಲಾಸ್ಟಿನ ನೆತ್ತಿಯ ಮೇಲೇ ಸಾಲಾಗಿ ಇಟ್ಟಿದ್ದ. ನೋಡಲು ಅಚ್ಚುಕಟ್ಟು. ಕೆಳಗಿನ ಗೋಡೆ ಒಡೆಯಿತು. ನೀರು ಮೊದಲು ತಲುಪಿದ್ದೇ ಆ ಬಾಕ್ಸ್‌ಗಳನ್ನು. ಬಾಕ್ಸ್ ಕೆಟ್ಟಿತು, ಪಂಪಿಗೆ ಕರೆಂಟು ನಿಂತಿತು. ಪಂಪ್ ನಿಂತದ್ದಕ್ಕೆ ನೀರು ಇನ್ನೂ ಏರಿತು, ಉಳಿದ ಬಾಕ್ಸ್‌ಗಳೂ ಹೋದವು. ಆಮೇಲೆ ಆಮ್ಲಜನಕ ಯಂತ್ರ, ಆಮೇಲೆ ದೀಪ. ಒಂದು ಬಿರುಕು ಇಡೀ ಹಡಗನ್ನು ತೆಗೆದುಕೊಂಡು ಹೋಯಿತು.

ನೀರನ್ನು ಹೊರಹಾಕುವ ಯಂತ್ರಕ್ಕೆ ಬೇಕಾದ ಕರೆಂಟು, ನೀರು ಎಲ್ಲಕ್ಕಿಂತ ಕೊನೆಗೆ ತಲುಪುವ ಜಾಗದಿಂದ ಬರಬೇಕು. ನಾನು ಅವನಿಗೆ ಕಿಟಕಿಯಾಚೆ ತೋರಿಸಿದೆ. “ಹಿಂದಿನವರು ಮನೆ ಎಲ್ಲಿ ಕಟ್ಟಿದಾರೆ ನೋಡು. ಗದ್ದೆ ತಗ್ಗಿನಲ್ಲಿ, ಮನೆ ಎತ್ತರದಲ್ಲಿ. ದಿನಾ ಗದ್ದೆಗೆ ಹತ್ತಿ ಇಳಿಯೋದು ಕಷ್ಟ ಅಂತ ಅವರಿಗೂ ಗೊತ್ತಿತ್ತು.” ಅವನು ಏನೂ ಹೇಳಲಿಲ್ಲ. ಬಾಕ್ಸ್‌ಗಳನ್ನು ಒಂದೊಂದಾಗಿ ಆರಿಸಿ ಮೇಲಕ್ಕೆ ಎಳೆಯತೊಡಗಿದ.

ಪಂಪಿಗೆ ಎರಡು ಬೇರೆ ಬೇರೆ ಬಾಕ್ಸ್‌ಗಳಿಂದ ತಂತಿ ಎಳೆಯುವುದೂ ಒಳ್ಳೆಯ ಅಭ್ಯಾಸ. ಒಂದು ಹೋದರೆ ಇನ್ನೊಂದು ಇರುತ್ತದೆ. ಒಂದು ಪಿನ್ನಿಗೆ ಸಾಮಾನ್ಯವಾಗಿ 5 ತಂತಿಗಳ ತನಕ ಸಿಕ್ಕಿಸಬಹುದು, ಜಾಗದ ಕೊರತೆ ಆಗುವುದಿಲ್ಲ. ತಂತಿಗಳಿಗೆ ಬಣ್ಣಗಳಿವೆ. ಕರೆಂಟಿಗೆ ಒಂದು, ಸಂಕೇತಕ್ಕೆ ಒಂದು ಎಂದು ಮೊದಲೇ ಗೊತ್ತುಮಾಡಿಕೊಳ್ಳಿ. ಮುಂದೆ ನಿಮ್ಮ ಹಡಗಿನಲ್ಲಿ ಆಡುವ ಇನ್ಯಾರಿಗೋ ಕತ್ತಲಲ್ಲಿ ರಿಪೇರಿ ಮಾಡುವಾಗ ಅದು ದಾರಿ ತೋರಿಸುತ್ತದೆ.

ಸಂಕೇತದ ತಂತಿಗಳಿಂದ ಸಣ್ಣ ಬುದ್ಧಿವಂತಿಕೆಯನ್ನೂ ಕಟ್ಟಬಹುದು. ನೀರು ಪತ್ತೆಹಚ್ಚುವ ಡಿಟೆಕ್ಟರ್ ಒಂದನ್ನು ಕೋಣೆಯ ನೆಲದ ಹತ್ತಿರ ಇಡಿ. ಅದರ ‘ಸಿಗ್ನಲ್ ಔಟ್’ನಿಂದ ಆ ಕೋಣೆಯ ಪಂಪಿನ ‘ಸೆಟ್ ಆಕ್ಟಿವ್’ಗೆ ತಂತಿ ಎಳೆಯಿರಿ. ಪಂಪಿನ ಹರಿವನ್ನು ಮೈನಸ್ 100ಕ್ಕೆ ಇಡಿ, ಅಂದರೆ ನೀರು ಹೊರಗೆ. ಇನ್ನು ನೀರು ಬಂದಾಗ ಪಂಪ್ ತಾನೇ ಓಡುತ್ತದೆ, ಒಣಗಿದ ಮೇಲೆ ತಾನೇ ನಿಲ್ಲುತ್ತದೆ. ತಾರಸಿ ಟ್ಯಾಂಕ್ ತುಂಬಿದಾಗ ಮೋಟಾರು ತಾನೇ ಆಫ್ ಆಗುವಂತೆ ಫ್ಲೋಟ್ ಹಾಕಿಸುತ್ತೇವಲ್ಲ, ಅದೇ ಬಗೆ. ಸಂಕೇತಗಳನ್ನು ಹೋಲಿಸಿ ಹೌದು, ಇಲ್ಲ ಎಂದು ತೀರ್ಮಾನಿಸುವ ಆ್ಯಂಡ್, ಆರ್, ನಾಟ್ ಮುಂತಾದ ಲಾಜಿಕ್ ಬಿಡಿಭಾಗಗಳೂ ಇವೆ. ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಓದುವ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಅಭ್ಯಾಸದ ಜಾಗ ಸಿಗುವುದು ಕಷ್ಟ. ತಪ್ಪು ಮಾಡಿದರೆ ಫಲ ಕಣ್ಣೆದುರೇ ಕಾಣುತ್ತದೆ.

ಬಾಗಿಲುಗಳನ್ನು ಪೂರ್ತಿ ಯಂತ್ರದ ಕೈಗೆ ಕೊಡುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ನೀರು ಬಂದ ಕೂಡಲೇ ಬಾಗಿಲು ಮುಚ್ಚುವಂತೆ ಮಾಡಬಹುದು ನಿಜ. ಆದರೆ ಒಳಗೆ ಒಬ್ಬ ಮನುಷ್ಯ ಸಿಕ್ಕಿಕೊಂಡಿದ್ದರೆ? ಪ್ರತಿ ಬಾಗಿಲಿನ ಎರಡೂ ಕಡೆ ಒಂದು ಗುಂಡಿ ಇರಲಿ, ಒತ್ತಿದರೆ ತೆರೆಯಲಿ.

ಉಳಿದ ಕೆಲವು

ಆಮ್ಲಜನಕ ಯಂತ್ರ ಇಟ್ಟರಷ್ಟೇ ಸಾಲದು. ಪ್ರತಿ ಕೋಣೆಯಲ್ಲಿ ಗಾಳಿ ಬಿಡುವ ಕಿಂಡಿ, ಅಂದರೆ ವೆಂಟ್, ಇಟ್ಟು, ಅದನ್ನು ಯಂತ್ರಕ್ಕೆ ಲಿಂಕ್ ಮಾಡಬೇಕು. ಇದು ತಂತಿಯಲ್ಲ, ಎಡಿಟರಿನಲ್ಲೇ ಮಾಡುವ ಗಂಟು. ಫಿರಂಗಿಗೂ ಅದರ ಗುಂಡು ತುಂಬುವ ಯಂತ್ರಕ್ಕೂ ಇಂಥದ್ದೇ ಲಿಂಕ್ ಬೇಕು.

ಕಂಪ್ಯೂಟರ್ ನಡೆಸುವ ಸಿಬ್ಬಂದಿಗೆ ಕಣ್ಣಿಲ್ಲ. ಅವರಿಗೆ ದಾರಿ ತೋರಿಸಲು ವೇಪಾಯಿಂಟ್ ಎಂಬ ಚುಕ್ಕಿಗಳನ್ನು ನೆಲದ ಉದ್ದಕ್ಕೂ, ಏಣಿಗಳಲ್ಲಿ, ಬಾಗಿಲುಗಳಲ್ಲಿ ಹಾಕಬೇಕು. ಎಡಿಟರೇ ಒಂದು ಗುಂಡಿ ಒತ್ತಿದರೆ ಹಾಕಿಕೊಡುತ್ತದೆ. ಆದರೂ ಒಮ್ಮೆ ಕಣ್ಣಾಡಿಸಿ, ಏಣಿಯ ಹತ್ತಿರ ಕೊಂಡಿ ತಪ್ಪಿರಬಹುದು. ಸೇವ್ ಮಾಡುವಾಗ ವೇಪಾಯಿಂಟ್ ಇಲ್ಲ, ವೆಂಟ್ ಇಲ್ಲ, ಬ್ಯಾಲಾಸ್ಟ್ ಪಂಪಿಗೆ ಗುರುತು ಹಾಕಿಲ್ಲ ಎಂದು ಎಚ್ಚರಿಕೆಗಳು ಬರುತ್ತವೆ. ಅವನ್ನು ಓದದೆ ಮುಚ್ಚಬೇಡಿ. ನೆರಳು ಬೀಳಿಸುವ ದೀಪಗಳನ್ನು ಮಿತವಾಗಿ ಬಳಸಿ, ಹಳೆಯ ಕಂಪ್ಯೂಟರ್ ಇರುವವರಿಗೆ ಆಟ ತಡವರಿಸುತ್ತದೆ.

ನಿಜದ ಹಡಗು

ಕೆಲವು ವರ್ಷಗಳ ಹಿಂದೆ ವಿಶಾಖಪಟ್ಟಣದ ಕಡಲತೀರದಲ್ಲಿ ಐಎನ್‌ಎಸ್ ಕುರ್ಸುರಾ ನೋಡಿದೆ. 1969ರಲ್ಲಿ ನೌಕಾಪಡೆ ಸೇರಿ, 2001ರಲ್ಲಿ ನಿವೃತ್ತಿಯಾಗಿ, ಮರುವರ್ಷ ವಸ್ತುಸಂಗ್ರಹಾಲಯವಾದ ಸಬ್‌ಮರೀನ್ ಅದು. ಒಳಗೆ ನಡೆದಾಗ ಎರಡು ವಿಷಯ ಮನಸ್ಸಿನಲ್ಲಿ ಉಳಿಯಿತು. ಒಂದು, ಕೋಣೆಯಿಂದ ಕೋಣೆಗೆ ದಾಟುವ ದುಂಡನೆಯ ಸಣ್ಣ ಬಾಗಿಲುಗಳು. ಮೈ ಬಗ್ಗಿಸಿ, ಕಾಲೆತ್ತಿಟ್ಟೇ ದಾಟಬೇಕು. ಒಂದು ಕೋಣೆಯ ನೀರು ಇನ್ನೊಂದಕ್ಕೆ ಹೋಗದಿರಲಿ ಎಂದು ಅಷ್ಟು ಕಷ್ಟ. ಇನ್ನೊಂದು, ಇಡೀ ಹಡಗಿನ ಒಳಮೈ ಕೊಳವೆಯಂತೆ ದುಂಡಗಿರುವುದು. ದುಂಡಗಿದ್ದರೆ ಹೊರಗಿನ ಒತ್ತಡ ಎಲ್ಲ ಕಡೆಗೂ ಸಮನಾಗಿ ಹಂಚಿಹೋಗುತ್ತದೆ. ಮೂಲೆ ಇದ್ದರೆ ಆ ಮೂಲೆಯಲ್ಲೇ ಒತ್ತಡ ಸೇರಿ ಅಲ್ಲೇ ಸೀಳುತ್ತದೆ.

ಆಟದಲ್ಲಿ ಚೌಕ ಹಡಗೂ ದುಂಡು ಹಡಗಿನಷ್ಟೇ ಗಟ್ಟಿ. ಹಾಗೆಯೇ ನಿಜದ ಹಡಗು ವಾಲದಂತೆ ನೋಡಿಕೊಳ್ಳಲು ಮುಂದೆ ಹಿಂದೆ ಬೇರೆ ಟ್ರಿಮ್ ಟ್ಯಾಂಕ್‌ಗಳು ಬೇಕು, ಆಟದಲ್ಲಿ ಅದರ ಚಿಂತೆಯಿಲ್ಲ. ಇವು ಆಟ ಬಿಟ್ಟುಕೊಟ್ಟ ವಿಷಯಗಳು. ಇವನ್ನೂ ಸೇರಿಸಿದ್ದರೆ ನಮ್ಮಂಥವರು ಕಟ್ಟಲು ಆಗುತ್ತಿರಲಿಲ್ಲ.

ಯುರೋಪಾದ ಬಗ್ಗೆಯೂ ಒಂದು ಲೆಕ್ಕ ಹೇಳಿಬಿಡುತ್ತೇನೆ, ನನಗೆ ತುಂಬ ಇಷ್ಟದ್ದು. ಅಲ್ಲಿನ ಗುರುತ್ವ ನಮ್ಮದರ ಏಳನೆಯ ಒಂದು ಭಾಗಕ್ಕಿಂತ ಸ್ವಲ್ಪ ಕಡಿಮೆ. ಹಾಗಾಗಿ ಅಲ್ಲಿ 10 ಮೀಟರ್ ಮುಳುಗಿದರೆ ಇಲ್ಲಿ ಒಂದೂಕಾಲು ಮೀಟರಿಗಿಂತ ಸ್ವಲ್ಪ ಹೆಚ್ಚು ಮುಳುಗಿದಷ್ಟು, ಅಂದರೆ ಹೆಚ್ಚುಕಡಿಮೆ ಮಡಿಕೇರಿಯಿಂದ ಮಂಗಳೂರಿಗೆ ಇಳಿದಷ್ಟು ಒತ್ತಡ. ಆದರೆ ಕಡಲಿನ ಮೇಲೆ ಮಂಜಿನ ಚಪ್ಪಡಿ ಕೂತಿದೆ. ಅದು 15ರಿಂದ 25 ಕಿ.ಮೀ. ದಪ್ಪ ಇರಬಹುದು ಎಂದು ನಾಸಾ ಅಂದಾಜು ಮಾಡಿದೆ. 20 ಕಿ.ಮೀ. ಎಂದಿಟ್ಟುಕೊಂಡರೆ, ಮಂಜಿನ ಕೆಳಗಿನ ಮೊದಲ ಹನಿ ನೀರಿನಲ್ಲೇ ನಮ್ಮ ಕಡಲಿನ ಸುಮಾರು 2,400 ಮೀಟರ್ ಆಳದ ಒತ್ತಡ. ಅಲ್ಲಿ ಕಡಲಿನ ಮೇಲ್ಭಾಗ ಎನ್ನುವುದೇ ನಮ್ಮ ಪಾತಾಳ. ಯುರೋಪಾವನ್ನು ಹತ್ತಿರದಿಂದ ನೋಡಲು 2024ರ ಅಕ್ಟೋಬರ್‌ನಲ್ಲಿ ಯುರೋಪಾ ಕ್ಲಿಪ್ಪರ್ ಎಂಬ ನೌಕೆ ಹೊರಟಿದೆ, 2030ರಲ್ಲಿ ಗುರುಗ್ರಹ ತಲುಪಬೇಕು.

ಒಡೆದು ನೋಡುವುದು

ಕಟ್ಟಿ ಮುಗಿದ ಮೇಲೆ ಪರೀಕ್ಷೆ. ಎಡಿಟರಿನಲ್ಲಿ ‘ಟೆಸ್ಟ್’ ಒತ್ತಿದರೆ ಹಡಗು ನೀರಿಗಿಳಿಯುತ್ತದೆ. ಎಲ್ಲರೂ ಓಡಿಸಿ ನೋಡುತ್ತಾರೆ, ಮುಂದೆ ಹೋಯಿತು, ಹಿಂದೆ ಬಂತು, ಸರಿ ಅಂತ ಸೇವ್ ಮಾಡುತ್ತಾರೆ. ಓಡುವ ಹಡಗು ಮಾಡುವುದು ಅಷ್ಟು ಕಷ್ಟವಲ್ಲ. ಒಡೆದ ಮೇಲೂ ಓಡುವ ಹಡಗು ಬೇಕು. ಹೊರಗೆ ಹೋಗುವಾಗ ದಾಟುವ ಕೋಣೆಯಾದ ಏರ್‌ಲಾಕಿನ ಎರಡೂ ಬಾಗಿಲುಗಳನ್ನು ಬೇಕೆಂದೇ ಒಟ್ಟಿಗೆ ತೆರೆಯಿರಿ. ನೀರು ನುಗ್ಗಲಿ. ಯಾವ ಕೋಣೆ ಮೊದಲು ತುಂಬಿತು, ಯಾವ ದೀಪ ಮೊದಲು ಆರಿತು, ರಿಯಾಕ್ಟರಿನ ಬಾಗಿಲಿಗೆ ನೀರು ಬರಲು ಎಷ್ಟು ಹೊತ್ತಾಯಿತು, ಬರೆದಿಟ್ಟುಕೊಳ್ಳಿ. ಆ ಹೊತ್ತಿನಲ್ಲಿ ಒಬ್ಬ ಮೆಕ್ಯಾನಿಕ್ ಮಲಗುವ ಕೋಣೆಯಿಂದ ಓಡಿಬಂದು, ಡೈವಿಂಗ್ ಸೂಟ್ ಹಾಕಿಕೊಂಡು, ಒಡೆದ ಜಾಗ ತಲುಪಬಹುದೇ? ಆಗದಿದ್ದರೆ ಸೂಟಿನ ಕಪಾಟನ್ನು ಹತ್ತಿರ ತನ್ನಿ.

‘ಹಾರಂಗಿ’ಗೆ ನಾವು ಈ ಪರೀಕ್ಷೆ ಮಾಡಿದಾಗ ರಾತ್ರಿ ಹತ್ತು ದಾಟಿತ್ತು. ಮನೆಯಲ್ಲಿ ಕರೆಂಟು ಇರಲಿಲ್ಲ. ಹೊರಗೆ ಮಳೆ ಹೊಯ್ಯುತ್ತಿತ್ತು. ಲ್ಯಾಪ್‌ಟಾಪಿನಲ್ಲಿ ಶೇ. 20ಕ್ಕಿಂತ ಕಡಿಮೆ ಚಾರ್ಜ್ ಇತ್ತು. ಹುಡುಗ ಎರಡೂ ಬಾಗಿಲು ತೆರೆದ. ಕೆಳಮಹಡಿ ಮೊಣಕಾಲು ಮಟ್ಟ ತುಂಬಿತು, ಸೊಂಟದ ಮಟ್ಟ ಬಂತು. ಹಡಗು ನಿಧಾನವಾಗಿ ಇಳಿಯಲು ಶುರುಮಾಡಿತು. ಅವನು ಒಳಬಾಗಿಲು ಮುಚ್ಚಿದ. ನೀರು ಕಂಡಿಗಳ ಮೂಲಕ ಬ್ಯಾಲಾಸ್ಟಿಗೆ ಸುರಿಯತೊಡಗಿತು. ಮೇಲಿನ ಮಹಡಿಯಲ್ಲಿ ಜಂಕ್ಷನ್ ಬಾಕ್ಸ್‌ಗಳು ಒಣಗಿಯೇ ಇದ್ದವು. ಪಂಪಿನ ಸದ್ದು ಒಮ್ಮೆಯೂ ನಿಲ್ಲಲಿಲ್ಲ. ಆಳದ ಸಂಖ್ಯೆ ಸ್ವಲ್ಪ ಹೊತ್ತು ಏರಿ, ನಿಂತು, ಆಮೇಲೆ ಒಂದೊಂದೇ ಮೀಟರಾಗಿ ಇಳಿಯಲು ಶುರುವಾಯಿತು.

“ಮಾವ, ಮೇಲೆ ಬರ್ತಿದೆ” ಅಂದ.